ಗೋಣಿಯ ಕೆಳಗೆ ಆರು ಮರಿ

ಹಾಲಿನ ಪಾತ್ರೆಯ ತಳ ತಿಕ್ಕುತ್ತಿದ್ದೆ. ಮಗಳು ಹಿತ್ತಿಲ ಬಾಗಿಲಲ್ಲಿ ಬಂದು ನಿಂತಳು. ಅಂಗೈಯಲ್ಲಿ ಒಂದು ಮೊಟ್ಟೆ.

“ದೊರೆಸಾನಿ ಇದನ್ನ ಆಚೆ ತಳ್ಳಿದ್ದಾಳೆ. ತಣ್ಣಗಿದೆ.”

ಅಷ್ಟು ಹೇಳಿ ಸುಮ್ಮನಾದಳು. ಆರು ವರ್ಷದ ಇವಳನ್ನು ನಾವು ಗಿಣಿ ಎಂದು ಕರೆಯುವುದೇ ಬಾಯಿಗೆ ಬಿಡುವಿಲ್ಲದವಳೆಂದು. ನಾನು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದು ಎರಡು ವಾರವಾಗಿತ್ತು. ಅಂದಿನಿಂದ ಗಿಣಿಯ ಮಾತು ಹೀಗೇ, ಅಳೆದು ತೂಗಿದಂತೆ. ಪಾಪು ಹೊಟ್ಟೆಯಲ್ಲೇ ಹೋಯಿತು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. “ಇನ್ನೂ ತುಂಬಾ ಚಿಕ್ಕದು, ಡಾಕ್ಟರ್ ನೋಡ್ಕೊಳ್ತಿದ್ದಾರೆ” ಎಂದಿದ್ದರು ಅತ್ತೆ. ನಾನು ಹೂಂಗುಟ್ಟಿದ್ದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಕೇಳಿಬಿಟ್ಟರೆ ಏನು ಹೇಳಲಿ ಎಂದು ದಿನವೂ ಹೆದರುತ್ತಿದ್ದೆ. ಕೇಳುತ್ತಲೇ ಇಲ್ಲವಲ್ಲ ಎಂದು ಅದಕ್ಕಿಂತ ಹೆಚ್ಚು ಹೆದರುತ್ತಿದ್ದೆ.

ಕೈ ಒರೆಸಿಕೊಂಡು ಗೂಡಿಗೆ ಹೋದೆ. ದೊರೆಸಾನಿ ನಮ್ಮ ಕಂದು ಹೇಂಟೆ. ಎತ್ತರದ ಹಲಗೆಯ ಮೇಲಿನ ಬುಟ್ಟಿಯಲ್ಲಿ ರೆಕ್ಕೆ ಹರಡಿ ಕೂತಿತ್ತು. ಕಾವಿಗೆ ಕೂತು ಇಪ್ಪತ್ನಾಲ್ಕು ದಿನ. ಮೂರು ದಿನದ ಹಿಂದೆಯೇ ಮರಿಗಳು ಚಿಪ್ಪು ಒಡೆಯಬೇಕಿತ್ತು.

“ಬಾ, ಎತ್ತಿ ತೋರಿಸ್ತೀನಿ” ಎಂದು ಕೈ ಚಾಚಿದೆ. ಗಿಣಿ ಕಂಬ ಹಿಡಿದುಕೊಂಡು ಹಿಂದೆ ಸರಿದಳು.

“ಬೇಡ. ನಾನೇ ಸ್ಟೂಲ್ ಹತ್ತುತ್ತೀನಿ.”

ಸೊಂಟದಿಂದ ಇಳಿಯಲು ಒಪ್ಪದಿದ್ದ ಹುಡುಗಿ ಈಗ ಎತ್ತಿಕೊಳ್ಳಲೂ ಬಿಡುವುದಿಲ್ಲ. ನನ್ನ ಮೇಲೆ ಸಿಟ್ಟೇನೋ ಎಂದುಕೊಂಡಿದ್ದೆ.

ಬೋಗುಣಿಯಲ್ಲಿ ಬೆಚ್ಚಗಿನ ನೀರು ತಂದು, ಗಿಣಿಯ ಕೈಯಲ್ಲಿದ್ದದ್ದೂ ಸೇರಿ ಒಂಬತ್ತು ಮೊಟ್ಟೆಗಳನ್ನೂ ಮೆಲ್ಲಗೆ ತೇಲಿಬಿಟ್ಟೆ. ಒಳಗೆ ಜೀವವಿದ್ದರೆ ಮೊಟ್ಟೆ ತಾನೇ ಚೂರು ಅಲುಗುತ್ತದೆ. ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ನೀರು ನಿಂತಿತು. ಮೊಟ್ಟೆಗಳೂ ನಿಂತವು.

ಕಾರಣ ನನಗೆ ಗೊತ್ತಿತ್ತು. ನಾನು ಆಸ್ಪತ್ರೆಯಲ್ಲಿದ್ದಾಗ ದಿನಕ್ಕೊಮ್ಮೆ ಹೇಂಟೆಯನ್ನು ಇಳಿಸಿ ನುಚ್ಚು, ನೀರು ಕೊಡುವ ಕೆಲಸ ಗಿಣಿಯದು. ಒಂದು ಸಂಜೆ ಅದು ತಿಂದು ಬಂದು ಪಕ್ಕದ ಬುಟ್ಟಿಯಲ್ಲಿ, ಬೇರೆ ಕೋಳಿ ಇಟ್ಟ ಒಂದೇ ಮೊಟ್ಟೆಯ ಮೇಲೆ ಕೂತಿತು. ಕೂತಿತಲ್ಲ ಎಂದು ಇವಳು ಗೂಡಿನ ಬಾಗಿಲು ಹಾಕಿ ಬಂದಳು. ಬೆಳಗಾಗುವ ಹೊತ್ತಿಗೆ ಒಂಬತ್ತೂ ಕಲ್ಲಿನಂತೆ ತಣ್ಣಗಾಗಿದ್ದವು. ಅತ್ತೆ ಕೋಳಿಯನ್ನು ಸರಿಯಾದ ಬುಟ್ಟಿಗೆ ಸೇರಿಸಿದರು, ಯಾರೂ ಇವಳನ್ನು ಬಯ್ಯಲಿಲ್ಲ.

“ಇನ್ನೂ ಗದ್ದುಗೆ ಬಿಟ್ಟಿಲ್ವಾ ನಿಮ್ಮ ದೊರೆಸಾನಿ?” ಎನ್ನುತ್ತ ಪಕ್ಕದ ಮನೆಯ ಟೈಲರಕ್ಕ ಬೇಲಿ ದಾಟಿ ಬಂದಳು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಚಪ್ಪಲಿ ಡಬ್ಬ.

“ತಂತಿ ಪಂಜರಕ್ಕೆ ಹಾಕು ಅಂದ್ರೆ ಇವಳು ಕೇಳಲ್ಲ ಕಣೇ” ಎಂದರು ಒಳಗಿನಿಂದ ಅತ್ತೆ. “ಹೊಟ್ಟೆಗೆ ಗಾಳಿ ತಾಗಿದ್ರೆ ಮೂರೇ ದಿನಕ್ಕೆ ಕಾವಿನ ಹುಚ್ಚು ಇಳಿಯುತ್ತೆ.”

“ನಿಮ್ಮನ್ನ ಹಾಕ್ಲಾ ಅಜ್ಜೀ ಪಂಜರಕ್ಕೆ? ನಿಮ್ಮ ಬಾಯಿನೂ ಇಳಿಯುತ್ತೇನೋ ನೋಡೋಣ!” ಎಂದು ನಕ್ಕು ಟೈಲರಕ್ಕ ಡಬ್ಬ ತೆರೆದಳು. ನಿನ್ನೆಯಷ್ಟೇ ಹುಟ್ಟಿದ ಆರು ಮರಿಗಳು. “ಕಾವು ಕೊಡೋ ಯಂತ್ರದಲ್ಲಿ ಹುಟ್ಟಿದವು, ಪಾಪ, ತಾಯಿಯಿಲ್ಲ. ಇದಕ್ಕೆ ಮರಿಯಿಲ್ಲ. ಗೋಣಿ ತಾ.”

ಬುಟ್ಟಿಗೆ ಗೋಣಿ ಹೊದಿಸಿ ಕತ್ತಲು ಮಾಡಿದೆವು. ಒಂದು ಮರಿಯನ್ನು ರೆಕ್ಕೆಯಡಿಗೆ ತಳ್ಳಿದೆ. ಕೋಳಿ ನನ್ನ ಕೈಯನ್ನು ರಕ್ತ ಬರುವಂತೆ ಕುಟುಕಿತು. ಎರಡು, ಮೂರು. ಆರನೆಯದನ್ನು ಸೇರಿಸುವಷ್ಟರಲ್ಲಿ ಒಳಗಿನಿಂದ ಲೊಕ್, ಲೊಕ್ ಎಂಬ ಸಣ್ಣ ಸದ್ದು ಬಂತು. ತಾಯಿಕೋಳಿ ಮರಿಗಳನ್ನು ಮಾತಾಡಿಸುವ ಸದ್ದು. ನನ್ನ ಎದೆ ಒದ್ದೆಯಾಯಿತು. ಹಾಲು ಇನ್ನೂ ಪೂರ್ತಿ ಬತ್ತಿರಲಿಲ್ಲ. ಸೆರಗನ್ನು ಮುಂದಕ್ಕೆಳೆದುಕೊಂಡೆ.

“ತನ್ನದಲ್ಲ ಅಂತ ಅದಕ್ಕೆ ಗೊತ್ತಾಗಲ್ವಾ?” ಎಂದಳು ಗಿಣಿ.

“ಯಾರೂ ಹೇಳದಿದ್ರೆ ಹೇಗೆ ಗೊತ್ತಾಗುತ್ತೆ, ಚಿನ್ನ?” ಎಂದಳು ಟೈಲರಕ್ಕ.

ಗಿಣಿ ನನ್ನ ಮುಖವನ್ನೇ ನೋಡಿದಳು. ನಾನು ಗೋಣಿಯ ಅಂಚನ್ನು ಸರಿಪಡಿಸುತ್ತ ನಿಂತೆ.

ಟೈಲರಕ್ಕ ಹೋದ ಮೇಲೆ ಬಾಳೆಯ ಬುಡದಲ್ಲಿ ಗುಂಡಿ ತೋಡಿದೆ. ಗಿಣಿ ಒಂದೊಂದೇ ಮೊಟ್ಟೆಯನ್ನು ಸೆರಗಿನಿಂದ ಒರೆಸಿ ಕೊಟ್ಟಳು. ನನ್ನ ಸೆರಗಿನಿಂದಲೇ. ಒಂಬತ್ತನೆಯದನ್ನು ಮಾತ್ರ ಕೊಡಲಿಲ್ಲ.

“ಬಾಗಿಲು ಹಾಕಿದ್ದು ನಾನು” ಎಂದಳು.

“ಗೊತ್ತಿಲ್ಲದೆ ಆಗಿದ್ದು, ಕಂದಾ. ನಿನ್ನ ತಪ್ಪಲ್ಲ.”

“ಗೊತ್ತಿಲ್ಲದೆ ಮಾಡಿದ್ರೂ ಸತ್ತೋಗುತ್ತಲ್ಲ?”

ಅವಳು ಮೊಟ್ಟೆಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದಳು.

“ನೀನು ಆಸ್ಪತ್ರೆಗೆ ಹೋದ ದಿನ ನಾನು ಎತ್ಕೋ ಎತ್ಕೋ ಅಂತ ಹಠ ಮಾಡಿದ್ನಲ್ಲ. ಬೇಡ ಅಂದ್ರೂ ಬಿಡ್ಲಿಲ್ಲ. ನೀನು ಎತ್ಕೊಂಡೆ.” ಅವಳು ಉಸಿರೆಳೆದುಕೊಂಡಳು. “ಅಮ್ಮಾ, ನಮ್ಮ ಪಾಪೂನೂ ನನ್ನಿಂದಾನೇ ಸತ್ತೋಯ್ತಾ?”