ಸ್ವಾಗತ ಸಭೆಯ ಮೈಕು

"ಹಲೋ... ಹಲೋ... ಒಂದು, ಎರಡು, ಮೂರು..." ಎಂದು ಮೈಕಣ್ಣ ಖಾಲಿ ಕುರ್ಚಿಗಳಿಗೆ ಹೇಳಿದ. ಮೈದಾನದ ಆ ತುದಿಯ ಹಾರ್ನ್ ಸ್ಪೀಕರು ಕುಂಯ್ ಎಂದು ಕಿರುಚಿ ಸುಮ್ಮನಾಯಿತು. ಅವನ ತಲೆಯ ಮೇಲಿದ್ದ ಬ್ಯಾನರಿನಲ್ಲಿ ಮೂವರ ಮುಖಗಳಿದ್ದವು. ಶಿಕ್ಷೆ ಮುಗಿಯುವ ಮುಂಚೆಯೇ ಆ ಬೆಳಿಗ್ಗೆ ಜೈಲಿನಿಂದ ಬಿಡುಗಡೆಯಾದವರು. ನಡುವಿನವನ ಮುಖ ಉಳಿದಿಬ್ಬರದಕ್ಕಿಂತ ದೊಡ್ಡದು. ಮೈಕಣ್ಣನ ಮಗ ಕೂತಿದ್ದ ಗಾಡಿಗೆ ಪೆಟ್ರೋಲ್ ಸುರಿದು ಬೆಂಕಿ ಇಟ್ಟವನು ಅವನೇ.

ಸಭೆ ಏರ್ಪಡಿಸಿದ ಹುಡುಗರಿಗೆ ಮೈಕಣ್ಣ ಯಾರ ಅಪ್ಪ ಎಂದು ಗೊತ್ತಿರಲಿಲ್ಲ. ಅದು ನಡೆದಾಗ ಅವರೆಲ್ಲ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವರು. ಆದರೆ ಊರಿಗೆ ಗೊತ್ತಿತ್ತು. ಊರಿನ ಬಾಯಿಗೆ ಬೀಗ ಹಾಕುವವರು ಯಾರು? "ದುಡ್ಡು ಅಂದ್ರೆ ಹೆಣಾನೂ ಬಾಯಿ ಬಿಡತ್ತೆ" ಎಂದು ಎದುರಂಗಡಿಯವನು ಮೈಕಣ್ಣನಿಗೆ ಕೇಳುವಂತೆಯೇ ಅಂದಿದ್ದ.

ಮಗ ಯಾವ ಪಕ್ಷದವನೂ ಆಗಿರಲಿಲ್ಲ. ಚುನಾವಣೆ ಬಂತೆಂದರೆ ಬೆಳಿಗ್ಗೆ ಒಬ್ಬರ ಗಾಡಿ, ಸಂಜೆ ಇನ್ನೊಬ್ಬರ ಗಾಡಿ ಹತ್ತಿ ಮೈಕಿನಲ್ಲಿ ಪ್ರಚಾರ ಕೂಗಿಕೊಂಡು ತಿರುಗುತ್ತಿದ್ದ. "ಯಾರು ಗೆದ್ರೂ ಗಂಟಲು ಕೆಡೋದು ನಂದೇ ಅಪ್ಪಾ" ಎಂದು ನಗುತ್ತಿದ್ದ. ಬೆಂಕಿ ಬಿದ್ದ ಆ ಸಂಜೆ, ಈಗ ಸಭೆ ಮಾಡುತ್ತಿರುವವರ ಎದುರು ಪಕ್ಷದ ಸರದಿಯಿತ್ತು. ಅವನ ತಪ್ಪು ಅಷ್ಟೇ.

ಬೆಳಿಗ್ಗೆ ಮೈಕಣ್ಣ ಹೊರಟಾಗ ಹೆಂಡತಿ ವೈರಿನ ಸುರುಳಿಯನ್ನು ಮಡಿಲಲ್ಲಿ ಹಿಡಿದು ಬಾಗಿಲಿಗೆ ಅಡ್ಡ ಕೂತಿದ್ದಳು.

"ಯಾವ ಮುಖ ಇಟ್ಕೊಂಡು ಹೋಗ್ತೀರ ರೀ?"

"ಪೇಪರಲ್ಲಿ ನೀನೂ ಓದಿದೆಯಲ್ಲ. ಮಾಡಿದ್ದಕ್ಕೆ ಪಶ್ಚಾತ್ತಾಪ ಪಟ್ಟಿದ್ದಾರೆ ಅಂತಾನೇ ಬಿಟ್ಟಿರೋದು."

"ಪಟ್ಟಿದ್ರೆ ನಮ್ಮನೆ ದಾರಿ ಗೊತ್ತಿಲ್ವಾ ಅವನಿಗೆ?"

"ಇವತ್ತು ತಾನೇ ಹೊರಗೆ ಬಂದಿದ್ದಾನೆ. ಕೋರ್ಟಲ್ಲಿ ತುಟಿ ಬಿಚ್ಚಲಿಲ್ಲ. ಇವತ್ತು ಮೈಕ್ ಕೈಗೆ ಕೊಡ್ತಾರೆ. ಒಂದೇ ಒಂದು ಸಲ, ಆ ಹುಡುಗನ್ನ ಸುಡಬಾರದಿತ್ತು ಅಂತ ಅವನ ಬಾಯಿಂದ ಬಂದ್ರೆ ಸಾಕು ಕಣೇ. ನಾನಲ್ಲಿ ಇರಬೇಕು."

"ನಿಮಗೆ ಹುಚ್ಚು" ಎಂದಳು. ಆಮೇಲೆ ಎದ್ದು, ಸುರುಳಿಯನ್ನು ಅವನ ಹೆಗಲಿಗೆ ತಾನೇ ಏರಿಸಿದಳು.

ಸಂಜೆಗೆ ಮೈದಾನ ತುಂಬಿತು. ನಾಯಕರು ಮೈಕನ್ನೇ ನುಂಗುವವರ ಹಾಗೆ ಬಾಯಿಗೆ ಒತ್ತಿ ಹಿಡಿದು ಗುಡುಗಿದರು. ವೇದಿಕೆಯ ಪಕ್ಕ ಆಂಪ್ಲಿಫೈಯರ್ ಮುಂದೆ ಕೂತ ಮೈಕಣ್ಣ ಅವರವರ ಗಂಟಲು ನೋಡಿ ಸೌಂಡ್ ತಗ್ಗಿಸುತ್ತಾ ಹೋದ. ಕೊನೆಗೆ ನಡುವಿನವನು ಎದ್ದ. ಬ್ಯಾನರಿನಲ್ಲಿದ್ದ ಮೀಸೆ ಇರಲಿಲ್ಲ. ಕತ್ತು ಬಡಕಲಾಗಿತ್ತು, ತಲೆ ನರೆತಿತ್ತು. ಮೈಕನ್ನು ಎದೆಯ ಹತ್ತಿರ ಹಿಡಿದು ಏನೋ ಗೊಣಗಿದ. "ಕೇಳ್ತಿಲ್ಲ!" ಎಂದು ಜನ ಕೂಗಿದರು.

ಮೈಕಣ್ಣ ಓಡಿಹೋಗಿ ಅವನ ಕೈಯನ್ನು ಹಿಡಿದು ಮೇಲೆತ್ತಿದ. ಆ ಕೈ ಬೆವರಿತ್ತು.

"ಇಷ್ಟು ಹತ್ರ ಇಟ್ಕೊಳ್ಳಿ. ನಿಧಾನಕ್ಕೆ ಮಾತಾಡಿ, ಅವಸರ ಇಲ್ಲ" ಎಂದ. ವಾಪಸು ಬಂದು ಸೌಂಡಿನ ಗುಂಡಿಯನ್ನು ಪೂರ್ತಿ ತಿರುಗಿಸಿದ. ನಡುವಿನವನು ಉಸಿರೆಳೆದದ್ದು ಮೈದಾನಕ್ಕೆಲ್ಲ ಕೇಳಿಸಿತು.

ಅವನು ನಾಯಕರನ್ನು ನೆನೆದ. ಪಕ್ಷವನ್ನು ನೆನೆದ. ಜೈಲಿನಲ್ಲಿ ಜ್ವರ ಬಂದಾಗ ಮಾತ್ರೆ ಕೊಟ್ಟವನನ್ನೂ ಮರೆಯಲಿಲ್ಲ. ಆಮೇಲೆ ತಡೆದು ತಡೆದು, "ನಮ್ಮಮ್ಮ ನಂಗೋಸ್ಕರ ಅತ್ತೂ ಅತ್ತೂ ಕಣ್ಣು ಕಳ್ಕೊಂಡ್ಲು. ಯಾವ ತಾಯಿಗೂ ಈ ಕಷ್ಟ ಬರಬಾರದು" ಎಂದ. ಈಗ ಹೇಳುತ್ತಾನೆ ಎಂದುಕೊಂಡ ಮೈಕಣ್ಣ. ಇಷ್ಟು ಹತ್ತಿರ ಬಂದವನು ಹೇಳದೆ ಇರುತ್ತಾನೆಯೇ? ಗುಂಡಿಯ ಮೇಲಿನ ಬೆರಳು ತೆಗೆಯದೆ ಕಾದ.

ಅವನು ಕಣ್ಣೊರೆಸಿಕೊಂಡು ಕೈಮುಗಿದು ಕೂತುಬಿಟ್ಟ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅದು ನಿಂತ ಮೇಲೂ ಮೈಕಣ್ಣ ಸೌಂಡ್ ಇಳಿಸಲಿಲ್ಲ. ಕುರ್ಚಿ ಕಿರುಗುಟ್ಟಿದ್ದು ಬಿಟ್ಟರೆ ಬೇರೇನೂ ಬರಲಿಲ್ಲ.

ಜನ ಕರಗಿದರು. ಮೈಕಣ್ಣ ವೈರು ಕೀಳುತ್ತಿದ್ದಾಗ ಅವನೇ ಮೆಟ್ಟಿಲಿಳಿದು ಹತ್ತಿರ ಬಂದ. ಗುರುತು ಹಿಡಿದನೇನೋ ಎಂದು ಮೈಕಣ್ಣನ ಕೈ ನಿಂತಿತು.

"ಯಜಮಾನ್ರೇ, ನಾನು ಮಾತಾಡಿದ್ದು ಕೇಳಿಸ್ತಾ? ಮೈಕ್ ಹಿಡಿದು ಅಭ್ಯಾಸ ಇಲ್ಲ. ಹಿಂದಿನೋರಿಗೂ ಕೇಳಿಸ್ತಾ?"

ಮೈಕಣ್ಣ ಮುಖ ತಿರುಗಿಸಿ ಮೈದಾನದ ಕಡೆ ನೋಡಿದ. ಖಾಲಿಯಾದ ಕುರ್ಚಿಗಳ ಕೊನೆಯ ಸಾಲಿನಲ್ಲಿ ಒಬ್ಬಳು ಇನ್ನೂ ಕೂತಿದ್ದಳು. ಅವನ ಹೆಂಡತಿ. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಕೇಳಿಸ್ತು" ಎಂದ ಮೈಕಣ್ಣ. "ಕೊನೇ ಸಾಲಿನವರೆಗೂ ಕೇಳಿಸ್ತು."

"ಒಳ್ಳೇದಾಯ್ತು" ಎಂದು ಅವನು ನಿರಾಳವಾಗಿ ನಕ್ಕು ಹೋದ.

ಮೈಕಣ್ಣ ಮೈದಾನ ದಾಟಿ ಹೋಗಿ ಹೆಂಡತಿಯ ಪಕ್ಕ ಕೂತ. ಕುರ್ಚಿ ಬಾಡಿಗೆಯವರು ಮುಂದಿನ ಸಾಲಿನಿಂದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ, ಸಾಲು ಸಾಲಾಗಿ ಅವರ ಕಡೆಗೆ ಬರುತ್ತಿದ್ದರು.