ಬೇಸ್‌ಬಾಲ್ ಬಾಜಿಯ ಎರಡು ಪುಸ್ತಕ

ಬ್ರಿಸ್ಬೇನಿನ ಕ್ಯಾಲಮ್‌ವೇಲ್ ಸಮುದಾಯ ಭವನದಲ್ಲಿ ಕನ್ನಡ ಸಂಘದ ಆಸ್ತಿ ಎಂದರೆ ಒಂದೇ ಒಂದು ಪುಸ್ತಕದ ಬೀರು. ಅದರ ಬೀಗದ ಕೈ ಐದು ವರ್ಷದಿಂದ ಜ್ಯೋತ್ಸ್ನಾಳ ಬಳಿ ಇತ್ತು. ಬೀರು ತುಂಬಿಸಿದ್ದೂ ಅವಳೇ. ಮೈಸೂರಿಗೆ ಹೋದಾಗಲೆಲ್ಲ ಸೀರೆ ಬಿಟ್ಟು ಪುಸ್ತಕ ಹೊತ್ತು ತಂದವಳು, ಆಸ್ಪತ್ರೆಯ ಕೆಲಸದ ಮೇಲೆ ಅಡಿಲೇಡಿಗೆ ಹೋದರೂ ಹಳೇ ಪುಸ್ತಕದಂಗಡಿ ಹುಡುಕಿಕೊಂಡು ಅಲೆಯುವವಳು. ಅಂಥವಳ ಕೈಯಿಂದ ಆ ಕೀ ಹೋಗುವ ಹೊತ್ತು ಬಂತು. ಕಾರಣ, ಎರಡೇ ಎರಡು ಪುಸ್ತಕ.

ಶುರುವಾದದ್ದು ಅವಳ ಮಗ ಅಮೋಘನಿಂದ. ಹತ್ತೊಂಬತ್ತು ವರ್ಷ, ಯೂನಿವರ್ಸಿಟಿಯಲ್ಲಿ ಎರಡನೇ ವರ್ಷ. 2015ರ ಜೂನ್‌ನ ಒಂದು ಬೆಳಿಗ್ಗೆ ದೋಸೆ ಮುಂದಿಟ್ಟುಕೊಂಡು ಫೋನಿನಲ್ಲಿ ಅಮೆರಿಕದ ಬೇಸ್‌ಬಾಲ್ ನೋಡುತ್ತಿದ್ದ. ಅಲ್ಲಿಯ ಸಂಜೆಯ ಆಟ ಇಲ್ಲಿಗೆ ತಿಂಡಿಯ ಹೊತ್ತಿಗೆ ಬರುತ್ತದೆ. ಬರೀ ನೋಡುವುದಲ್ಲ, ಬಾಜಿ ಕಟ್ಟಿದ್ದ. ಪಕ್ಕದಲ್ಲಿ 'ಗೆಲುವು ಗ್ಯಾರಂಟಿ' ಎನ್ನುವ ದಪ್ಪ ಪುಸ್ತಕ ಬೇರೆ.

ಗಂಡ ರಾಜಗೋಪಾಲ ಮನೆಯ ಸೂರು ಹಾರಿಹೋಗುವಂತೆ ಕೂಗಾಡಿದ. ಜ್ಯೋತ್ಸ್ನಾಳಿಗೆ ಸಿಟ್ಟು ಬಂದದ್ದು ಆ ಪುಸ್ತಕದ ಮೇಲೆ. ಆಸ್ಪತ್ರೆಯಲ್ಲಿ ದಿನವಿಡೀ ಅಂಕಿಅಂಶ ಜಾಲಾಡುವವಳು ಅವಳು. ಮುನ್ನೂರು ಪುಟದಲ್ಲಿ ಬರೆದವನು ಒಂದು ಸಲವೂ ಸೋತೇ ಇಲ್ಲವಂತೆ! ಎಂಥ ಭಂಡ!

"ಬೇಡ ಅಂದ್ರೆ ಬಾತ್‌ರೂಮಲ್ಲಿ ಕೂತು ಆಡ್ತೀಯ. ಓದೋದಾದ್ರೆ ನೆಟ್ಟಗಿರೋದನ್ನ ಓದು," ಎಂದಳು.

"ಮಮ್, ಯು ಡೋಂಟ್ ಈವನ್ ನೋ ಬೇಸ್‌ಬಾಲ್," ಎಂದ ಅಮೋಘ.

ಅದು ನಾಟಿತು. ಹುಟ್ಟಿದಾಗಿನಿಂದ ಕ್ರಿಕೆಟ್ ನೋಡಿದವಳಿಗೆ ಇದೇನು ಮಹಾ? ಸತತ ಎಂಟು ಪಂದ್ಯ ಗೆದ್ದ ತಂಡವೊಂದನ್ನು ಹುಡುಕಿ, ಫಾರ್ಮ್ ಚೆನ್ನಾಗಿದೆ ಎಂದು ತಾನೇ ಐವತ್ತು ಡಾಲರ್ ಕಟ್ಟಿದಳು. ತಂಡ ಒಂಬತ್ತು ರನ್ನಿನಿಂದ ಸೋತಿತು. ಬೇಸ್‌ಬಾಲಿನಲ್ಲಿ ಆಟ ಶುರುಮಾಡುವ ಪಿಚರ್, ಅಂದರೆ ಚೆಂಡು ಎಸೆಯುವವನು, ದಿನಕ್ಕೊಬ್ಬ. ನಿನ್ನೆ ಗೆಲ್ಲಿಸಿದವನು ಇವತ್ತು ಬೆಂಚಿನ ಮೇಲೆ ಕೂತಿರುತ್ತಾನೆ. ಅದನ್ನು ನೋಡದೆ ದುಡ್ಡು ಕಟ್ಟಿದ್ದಳು. ಅಮೋಘ ಬಿದ್ದು ಬಿದ್ದು ನಕ್ಕ.

ಅವಳು ಹಟಕ್ಕೆ ಬಿದ್ದಳು. ಮೂರು ತಿಂಗಳಲ್ಲಿ ಹನ್ನೊಂದು ಪುಸ್ತಕ. ಅಡಿಲೇಡಿನಿಂದ ನಾಲ್ಕು, ಪರ್ತ್‌ನ ವಿಲೆಟನ್‌ನಲ್ಲಿರುವ ತಂಗಿಯಿಂದ ಬೈಗುಳದ ಸಮೇತ ಎರಡು, ಉಳಿದವು ಅಂಚೆಯಲ್ಲಿ. ಅವಳ ಪರೀಕ್ಷೆ ಸರಳ. ಇವತ್ತು ಎಸೆಯುವವನು ಯಾರು ಎಂದು ಮೊದಲು ಕೇಳದ ಪುಸ್ತಕ ಕಸ. ಬಾಜಿ ನಡೆಸುವವರು ತಮ್ಮ ಪಾಲನ್ನು ಹೇಗೆ ಮುರಿದುಕೊಳ್ಳುತ್ತಾರೆ ಎಂದು ತೋರಿಸದಿದ್ದರೂ ಕಸ. ತಾನು ಸೋತದ್ದನ್ನು ಬರೆಯದ ಲೇಖಕನ ಮುಖವನ್ನೂ ನೋಡಬಾರದು. ಒಂಬತ್ತು ರದ್ದಿಗೆ ಹೋದವು. ಉಳಿದೆರಡರಲ್ಲಿ ಒಂದರ ಏಳನೇ ಅಧ್ಯಾಯವಂತೂ ಬಂಗಾರ: ಯಾವಾಗ ಆಡಬಾರದು, ಯಾವಾಗ ನಿಲ್ಲಿಸಬೇಕು. ಅದನ್ನು ಓದಿದ ಮೇಲೆ ವಾರಕ್ಕೆ ಹತ್ತು ಸಲ ಕಟ್ಟುತ್ತಿದ್ದ ಅಮೋಘ ಒಂದಕ್ಕೆ ಇಳಿದ.

ಇಂಥದ್ದನ್ನು ಮನೆಯಲ್ಲಿ ಬಚ್ಚಿಟ್ಟುಕೊಳ್ಳುವುದೇ? ಸಂಘದ ಹುಡುಗರ ಫೋನಿನಲ್ಲಿ ಬಾಜಿ ಆ್ಯಪ್ ಇತ್ತು, ಅಪ್ಪಂದಿರ ಫೋನಿನಲ್ಲೂ ಇತ್ತು. ಎರಡನ್ನೂ ಬೀರುವಿನಲ್ಲಿ ಇಡುತ್ತೇನೆ ಎಂದಳು. ಮರ್ಯಾದೆಗೆ ಅಂಜಿದ ರಾಜಗೋಪಾಲ ಸ್ಕೂಲಿನ ದಿನಗಳಲ್ಲಿ ಮಾಡುತ್ತಿದ್ದಂತೆ ಕಂದು ಕಾಗದದ ಬೈಂಡ್ ಹಾಕಿ, 'ಸಂಖ್ಯಾಶಾಸ್ತ್ರ' ಎಂದು ಲೇಬಲ್ ಅಂಟಿಸಿಕೊಟ್ಟ. ಹೋಗಲಿ ಎಂದು ಅವಳು ಹಾಗೇ ಬೀರುವಿನಲ್ಲಿಟ್ಟಳು. ಅದೇ ತಪ್ಪಾಯಿತು.

ಮುಂದಿನ ಭಾನುವಾರದ ಸಭೆಯಲ್ಲಿ ಸಂಘದ ಅಧ್ಯಕ್ಷ ಡಾಕ್ಟರ್ ಉದಯಶಂಕರ್ ಆ ಪುಸ್ತಕಗಳನ್ನು ಎಲ್ಲರೆದುರು ಎತ್ತಿ ಹಿಡಿದರು.

"ಏನಮ್ಮ ಇದು? ಜೂಜು! ಅದೂ ಕಳ್ಳತನದಲ್ಲಿ, ಬೈಂಡ್ ಹಾಕಿ! ಮಕ್ಕಳು ಬರೋ ಜಾಗ ಇದು."

ನಲವತ್ತು ಜನ ಅವಳತ್ತ ತಿರುಗಿದರು. ರಾಜಗೋಪಾಲ ನೆಲ ನೋಡುತ್ತ ಕೂತ. ಜ್ಯೋತ್ಸ್ನಾ ಎದ್ದು ನಿಂತಳು.

"ಬೈಂಡ್ ಹಾಕಿದ್ದು ತಪ್ಪು ಸರ್, ಒಪ್ಕೋತೀನಿ. ಪುಸ್ತಕ ಇಟ್ಟಿದ್ದು ತಪ್ಪಲ್ಲ. ನಾನೂ ಬಾಜಿ ಕಟ್ಟಿದೀನಿ, ಸೋತಿದೀನಿ. ಇಲ್ಲಿ ಯಾರ್‍ಯಾರು ಕಟ್ಟೇ ಇಲ್ಲ, ಕೈ ಎತ್ತಿ ನೋಡೋಣ."

ನಾಲ್ಕೈದು ಆಂಟಿಯರು ಎತ್ತಿದರು. ಗಂಡಸರೆಲ್ಲ ಟೀ ಲೋಟದೊಳಗೆ ಏನೋ ಬಿದ್ದವರಂತೆ ಅದನ್ನೇ ನೋಡತೊಡಗಿದರು.

"ಮಾತು ಬೆಳೆಸ್ಬೇಡಿ," ಎಂದರು ಉದಯಶಂಕರ್. "ಇವನ್ನ ಮನೆಗೆ ತಗೊಂಡ್ಹೋಗಿ, ಇಲ್ಲಾಂದ್ರೆ ಬೀರು ಕೀ ಕೊಟ್ಬಿಡಿ."

ಐದು ವರ್ಷ! ಆ ಬೀರುವಿನ ಒಂದೊಂದು ಪುಸ್ತಕದ ಭಾರವೂ ಅವಳ ಭುಜಕ್ಕೆ ಗೊತ್ತಿತ್ತು. ಕೀ ತೆಗೆದು ಮೇಜಿನ ಮೇಲೆ ಟಣ್ಣನೆ ಇಟ್ಟಳು.

"ತಗೊಳ್ಳಿ ಸರ್. ಇನ್ಮೇಲೆ ನನ್ನ ಕಾರಿನ ಡಿಕ್ಕೀಲಿ ಇಡ್ತೀನಿ. ಅದಕ್ಕೆ ಯಾವ ಕಮಿಟಿನೂ ಇಲ್ಲ."

ಪುಸ್ತಕಗಳನ್ನು ಅವರ ಕೈಯಿಂದ ಕಿತ್ತುಕೊಂಡು ಹೊರಗೆ ನಡೆದಳು. ಡಿಕ್ಕಿ ತೆರೆದು ಎರಡನ್ನೂ ಇಟ್ಟು, ಪಕ್ಕದಲ್ಲಿ ನಿಂತಳು. ಹತ್ತು ನಿಮಿಷ ಒಂದು ನರಪಿಳ್ಳೆಯೂ ಬರಲಿಲ್ಲ. ಕೊನೆಗೆ ಇಂದಿರಾ ಆಂಟಿ ಬಂದರು, ಉದಯಶಂಕರ್ ಅವರ ಹೆಂಡತಿ. ಬೈಯಲಿಕ್ಕೇ ಬಂದಿರಬೇಕು, ಬೈಯಲಿ, ತಾನೂ ಬಿಡುವುದಿಲ್ಲ ಎಂದುಕೊಂಡಳು.

"ಅದ್ರಲ್ಲಿ ಯಾವಾಗ ನಿಲ್ಲಿಸ್ಬೇಕು ಅಂತ ಬರ್ದಿದಾರೇನಮ್ಮ?" ಎಂದರು ಆಂಟಿ.

"ಏಳನೇ ಚಾಪ್ಟರ್, ಆಂಟಿ."

"ಕೊಡು. ನಮ್ಮನೇಲಿ ಬೆಳಿಗ್ಗೆ ಎದ್ರೆ ಫೋನು. ಕ್ಲಿನಿಕ್ಕಲ್ಲಿ ಪೇಷೆಂಟ್ಸ್ ಕಾಯ್ತಿದ್ರೂ ಫೋನು. ಕೇಳಿದ್ರೆ ಸುಮ್ನೆ ಸ್ಕೋರ್ ನೋಡ್ತಿದೀನಿ ಅಂತಾರೆ."

ಜ್ಯೋತ್ಸ್ನಾ ಡಿಕ್ಕಿಯಿಂದ ಆ ಪುಸ್ತಕ ತೆಗೆದು ಕೊಟ್ಟಳು. ಆಂಟಿ ಕಂದು ಕಾಗದವನ್ನು ಮೂಲೆಯಿಂದ ಹಿಡಿದು ಪರ್ರನೆ ಹರಿದರು. ಹಳದಿ ಮುಖಪುಟದಲ್ಲಿ ಬೇಸ್‌ಬಾಲ್ ಬಾಜಿ ಎಂಬುದು ಗೇಣುದ್ದದ ಅಕ್ಷರಗಳಲ್ಲಿತ್ತು. ಅದು ಎಲ್ಲರಿಗೂ ಕಾಣುವಂತೆ ಎದೆಗವಚಿಕೊಂಡು ಆಂಟಿ ಮುಂಬಾಗಿಲಿನಿಂದಲೇ ಒಳಗೆ ಹೋದರು. ಬಾಗಿಲ ಗಾಜಿನ ಮೂಲಕ ಜ್ಯೋತ್ಸ್ನಾ ನೋಡುತ್ತಲೇ ಇದ್ದಳು. ಅವರು ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲಿ ಕೂತು, ಕನ್ನಡಕ ಏರಿಸಿ, ಏಳನೇ ಅಧ್ಯಾಯ ಹುಡುಕತೊಡಗಿದರು.