ಆರು ಬಗೆಯ ರದ್ದು

ಒಂದು ಜನಾಂಗದ ಭವಿಷ್ಯಕ್ಕೆ ಸಂಬಂಧಿಸಿದ ಪ್ರಶ್ನೆಯೊಂದು ಆ ದಿನ ಸಂಜೆಯೊಳಗೆ ಇತ್ಯರ್ಥವಾಗಬೇಕಿತ್ತು: ಇಂಗ್ಲಿಷಿನವರು ರಿಪೀಲ್, ರಿವೋಕ್, ರಿಸಿಂಡ್, ಅಬ್ರೊಗೇಟ್, ಕ್ವಾಶ್, ಅನ್ನಲ್ ಎಂದು ಆರು ಬಾಯಲ್ಲಿ ಹೇಳುವುದನ್ನು ಕನ್ನಡದವರು ‘ರದ್ದು’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಸರಿಯೆ?

ಸರಿಯಲ್ಲ ಎಂಬುದು ಅನುವಾದಕನ ನಿಲುವು. ಕಾನೂನು ಪದಕೋಶ ಸಮಿತಿಯಲ್ಲಿ ಸಂಬಳ ಪಡೆಯುತ್ತಿದ್ದವನು ಅವನೊಬ್ಬನೇ. ಹಾಗಾಗಿ ನಿಲುವು ಇಟ್ಟುಕೊಳ್ಳುವ ಕೆಲಸ ಅವನ ಪಾಲಿಗೇ ಬಿದ್ದಿತ್ತು. ಉಳಿದಿಬ್ಬರಲ್ಲಿ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು. ಪಂಡಿತರು ನಿವೃತ್ತರಾಗಲು ಒಪ್ಪದವರು.

“ರದ್ದು ಅಂದ್ರೆ ರದ್ದು ಕಣಯ್ಯ. ಸತ್ತವನಿಗೆ ಆರು ಹೆಸರು ಯಾಕೆ?” ಎಂದರು ಅಧ್ಯಕ್ಷರು.

“ಹೇಗೆ ಸತ್ತ ಅನ್ನೋದು ಮುಖ್ಯ ಸಾರ್. ಶಾಸನಸಭೆ ಕೊಂದರೆ ನಿರಸನ. ಕೊಟ್ಟವನೇ ಕಿತ್ತುಕೊಂಡರೆ ಪ್ರತಿಸಂಹರಣ. ಕೋರ್ಟು ಹೊಸಕಿ ಹಾಕಿದರೆ ಅಭಿಖಂಡನ.”

“ಆ ಅನ್ನಲ್ಲು?”

“ಅದರಲ್ಲಿ ಸಾಯೋದೇ ಇಲ್ಲ. ಹುಟ್ಟೇ ಇರಲಿಲ್ಲ ಅಂತ ತೀರ್ಮಾನ.”

“ಶೂನ್ಯೀಕರಣ,” ಎಂದರು ಪಂಡಿತರು, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಕರಗಿಸಿಕೊಳ್ಳುವವರಂತೆ.

ಜವಾನ ಬಾಗಿಲಲ್ಲಿ ತಲೆ ತೂರಿಸಿದ. “ಸಾರ್, ನಿಮ್ಮ ಮನೆಯವರು ಬಂದಿದ್ದಾರೆ. ಕ್ಯಾಂಟೀನಲ್ಲಿ ಕೂತಿದ್ದಾರೆ.”

ಅನುವಾದಕನ ಹೆಂಡತಿ ಗೋಡೆಯ ಪಕ್ಕದ ಮೇಜು ಹಿಡಿದು ಎರಡು ಕಾಫಿ ತರಿಸಿದ್ದಳು. ಅವಳು ಅಕ್ಕನ ಮನೆ ಸೇರಿ ಒಂದು ಮಳೆಗಾಲ ಕಳೆದಿತ್ತು. ಜಗಳವೇನೂ ಆಗಿರಲಿಲ್ಲ, ಜಗಳವಾಡಲು ಅವನು ಅವಳ ಕೈಗೆ ಸಿಕ್ಕಿದ್ದರೆ ತಾನೆ?

“ಇಳಿದುಹೋಗಿದ್ದೀರಿ.”

“ಬೆಲ್ಟು ಹೊಸದು.”

“ಇಲ್ಲಿಂದ ಸೀದಾ ಲಾಯರ್ ಹತ್ರ ಹೋಗ್ತಿದ್ದೀನಿ ರೀ. ಅಕ್ಕ ಹೊರಗೆ ಕಾರಲ್ಲಿದ್ದಾಳೆ.”

“ಓ.”

“ಒಂದು ಸಲ ಕೇಳಿಬಿಡ್ತೀನಿ ಅಂತ ಅವಳಿಗೆ ಹೇಳಿ ಬಂದೆ. ನೀವು ಬೇಡ ಅಂದ್ರೆ ಮನೆಗೆ ಬರ್ತೀನಿ. ಬ್ಯಾಗು ಡಿಕ್ಕಿಯಲ್ಲೇ ಇದೆ.”

ಬೇಡ. ಎರಡಕ್ಷರದ ಮಾತು. ಗಂಟಲಿಗೆ ಬಂದೂ ಬಂತು. ಆದರೆ ಬರಿಯ ಬೇಡ ಎಂದರೆ ಯಾವುದು ಬೇಡ? ಲಾಯರೊ, ಬ್ಯಾಗೊ? ಅಸ್ಪಷ್ಟ ಪ್ರಯೋಗ. ತಿದ್ದಿ ಹೇಳಬೇಕು.

“ಅರ್ಜಿ ಏನಂತ ಹಾಕ್ತಾರೆ?” ಎಂದ.

“ಏನಂತ ಅಂದ್ರೆ?”

“ಅಲ್ಲ, ವಿಚ್ಛೇದನದಲ್ಲಿ ಮದುವೆ ಇತ್ತು, ಮುಗೀತು ಅಂತ. ಶೂನ್ಯೀಕರಣದಲ್ಲಿ ಮೊದಲಿಂದ ಇರಲೇ ಇಲ್ಲ ಅಂತ.” ಅವನ ದನಿಗೆ ಬೆಳಗಿನ ಹುರುಪು ಮರಳಿತ್ತು. “ಜನ ಎರಡನ್ನೂ ಕಲಸಿಬಿಡ್ತಾರೆ.”

ಅವಳು ಅವನನ್ನೇ ನೋಡಿದಳು. “ಎರಡನೇದು ಚೆನ್ನಾಗಿದೆ. ನಿಜಕ್ಕೆ ಹತ್ತಿರ.”

“ಅದಕ್ಕೆ ಬಲವಾದ ಆಧಾರ ಬೇಕು. ಸುಮ್ಮನೆ ಕೊಡಲ್ಲ.”

“ನಿಮ್ಮನ್ನೇ ಕರ್ಕೊಂಡು ಹೋಗಿ ಜಡ್ಜ್ ಮುಂದೆ ನಿಲ್ಲಿಸ್ತೀನಿ ಬಿಡಿ.”

ಅವನು ನಕ್ಕ. ಅವಳು ನಗಲಿಲ್ಲ. ಚಮಚ ತೆಗೆದುಕೊಂಡು ಸಾಸರಿನ ಅಂಚಿಗೆ ಒಂದು ಸಲ ತಟ್ಟಿದಳು.

ಗುರುತು ಹತ್ತಿತು. ಇದು ಸಮಿತಿಯ ಪದ್ಧತಿ. ಅಧ್ಯಕ್ಷರು ಮೇಜಿಗೆ ಪೆನ್ನು ಮೂರು ಸಲ ತಟ್ಟುತ್ತಾರೆ; ಅಷ್ಟರೊಳಗೆ ಯಾರೂ ಬಾಯಿ ಬಿಡದಿದ್ದರೆ ಪ್ರಸ್ತಾವ ಅಂಗೀಕೃತ. ಮದುವೆಯ ಹೊಸತರಲ್ಲಿ ಇದನ್ನು ಅಭಿನಯಿಸಿ ಅವಳನ್ನು ನಗಿಸಿದವನು ಅವನೇ. ಆಮೇಲೆ ಪರದೆಯ ಬಣ್ಣ, ಭಾನುವಾರದ ಸಿನಿಮಾ, ಮಗು ಈಗಲೇ ಬೇಕೆ ಎಂಬುದು, ಎಲ್ಲ ಹೀಗೆಯೇ ಪಾಸಾಗಿದ್ದವು. ಆಕ್ಷೇಪ ಬಂದರೆ ಅದು ಯಾವಾಗಲೂ ಅವಳದೇ.

ಎರಡನೆಯ ಸಲ ತಟ್ಟಿದಳು.

‘ಹೋಗಬೇಡ’ ಎಂದರೆ ಅಪ್ಪಣೆ ಕೊಟ್ಟಂತೆ ಕೇಳಿಸುತ್ತದೆ. ‘ಇರು’ ಬಸ್ ಸ್ಟಾಪಿನಲ್ಲಿ ಹೇಳುವ ಮಾತು. ‘ನೀನಿಲ್ಲದೆ’ ಎಂಬುದನ್ನು ಸಿನಿಮಾದವರು ಬಳಸಿ ಬಳಸಿ ಸವೆಸಿಬಿಟ್ಟಿದ್ದಾರೆ. ಅವನು ಒಂದೊಂದನ್ನೂ ಎತ್ತಿ ನೋಡಿ ಕೆಳಗಿಟ್ಟ.

ಚಮಚ ಕೆಳಗಿಟ್ಟ ಸದ್ದೇ ಮೂರನೆಯದಾಯಿತು.

“ಸರಿ ರೀ,” ಎಂದು ಎದ್ದಳು. “ಕಾಫಿ ಆರಿಹೋಗುತ್ತೆ, ಕುಡೀರಿ.”

ಅವಳು ಮೇಜುಗಳ ನಡುವೆ ಸೊಂಟ ತಿರುಗಿಸಿಕೊಂಡು ಬಾಗಿಲು ದಾಟುವವರೆಗೂ ಅವನು ಹುಡುಕುತ್ತಲೇ ಇದ್ದ.

ಲೆಕ್ಕಪತ್ರ ಶಾಖೆಯವನೊಬ್ಬ ಬಂದು ಎದುರಿನ ಕುರ್ಚಿಯ ಬೆನ್ನಿಗೆ ಕೈ ಹಾಕಿದ. ಆಚೆಯ ಮೇಜಿನಲ್ಲಿ ಅವನ ಗುಂಪು ಗದ್ದಲ ಹಾಕುತ್ತಿತ್ತು.

“ಇಲ್ಲಿ ಯಾರಾದ್ರೂ ಇದ್ದಾರಾ ಸಾರ್?”

ಅನುವಾದಕ ತಲೆಯೆತ್ತಿದ. ತುಟಿ ಅಲುಗಿತು. ಕೇಳಿದವನು ಸಭ್ಯ, ಸ್ವಲ್ಪ ಹೊತ್ತು ಕಾದ. ಆಮೇಲೆ ಕುರ್ಚಿಯನ್ನು ಕಾಲು ಮೇಲಾಗಿ ಎತ್ತಿಕೊಂಡು, ಜನರ ತಲೆಗಳ ಮೇಲಿಂದ ಸಾಗಿಸಿಕೊಂಡು ಹೋದ.

ಮೇಜಿಗೆ ಒಂದು ಕುರ್ಚಿ ಉಳಿಯಿತು.